ಕ್ಲಿನಿಕ್‌ನಲ್ಲೇ ಅಲೈನರ್: ಖರ್ಚು ಅರ್ಧಕ್ಕಿಂತ ಕೆಳಗಿಳಿದದ್ದು ಹೀಗೆ

ಅಲೈನರ್ (ಹಲ್ಲನ್ನು ಸ್ವಲ್ಪಸ್ವಲ್ಪವೇ ಸರಿಸುವ ಪಾರದರ್ಶಕ ಪ್ಲಾಸ್ಟಿಕ್ ಟ್ರೇ) ಲ್ಯಾಬಿಗೆ ಕೊಡದೆ ಕ್ಲಿನಿಕ್‌ನಲ್ಲೇ ಮಾಡುತ್ತೇನೆ ಅಂದಾಗ ಜೊತೆಯ ಡಾಕ್ಟರುಗಳು ಯಾರೂ ಒಪ್ಪಲಿಲ್ಲ. ‘ಲ್ಯಾಬ್ ಬಿಲ್ ಉಳಿಸೋಕೆ ಹೋಗಿ ಕೇಸ್ ಕೆಡಿಸ್ಕೋತೀರ’ ಅಂದವರೇ ಜಾಸ್ತಿ. ಈಗ ಎರಡು ವರ್ಷದ ಮೇಲಾಯಿತು. ಸಣ್ಣ, ಮಧ್ಯಮ ಕೇಸುಗಳೆಲ್ಲ ನನ್ನ ಪ್ರಿಂಟರಿನಲ್ಲೇ ಮುಗಿಯುತ್ತಿವೆ. ರೋಗಿಗೆ ಹೇಳುವ ಮೊತ್ತ ಮೊದಲಿನ ಅರ್ಧಕ್ಕಿಂತ ಕಡಿಮೆ. ನನಗೆ ಉಳಿಯುವುದು ಮೊದಲಿಗಿಂತ ಜಾಸ್ತಿಯೇ.

ಹಲ್ಲಿನ ಮಾಡೆಲ್ ಪ್ರಿಂಟ್ ಮಾಡುವ ರೆಸಿನ್, ಅದನ್ನು ತೊಳೆಯುವ ಆಲ್ಕೊಹಾಲ್, ಅದರ ಮೇಲೆ ಬಿಸಿ ಮಾಡಿ ಒತ್ತುವ ಪ್ಲಾಸ್ಟಿಕ್ ಶೀಟ್ ಎಲ್ಲ ಸೇರಿಸಿದರೂ ಒಂದು ಟ್ರೇಗೆ ಬೀಳುವುದು ಲ್ಯಾಬ್ ಬೆಲೆಯ ಆರನೇ ಒಂದು ಭಾಗ ಇರಬಹುದು. ದೊಡ್ಡ ಊರಿನಲ್ಲಿ ನಿಜವಾಗಿ ದುಬಾರಿ ಅಂದರೆ ಕುರ್ಚಿಯ ಸಮಯ. ಬಾಡಿಗೆ, ಅಸಿಸ್ಟೆಂಟ್ ಸಂಬಳ ಎಲ್ಲ ಅದರ ಮೇಲೇ ಬೀಳುತ್ತದೆ. ಒಂದು ರಿಫೈನ್‌ಮೆಂಟ್ (ಹಲ್ಲು ಪ್ಲಾನಿನಂತೆ ಬಾರದೆ ಮತ್ತೆ ಹೊಸ ಟ್ರೇಗಳನ್ನು ಮಾಡುವುದು) ಬಂತು ಅಂದರೆ ಮತ್ತೆ ಸ್ಕ್ಯಾನ್, ಮತ್ತೆ ಪ್ಲಾನ್, ಹಳೇ ಅಟ್ಯಾಚ್‌ಮೆಂಟ್ (ಟ್ರೇಗೆ ಹಿಡಿತ ಸಿಗಲು ಹಲ್ಲಿಗೆ ಅಂಟಿಸುವ ಸಣ್ಣ ಉಬ್ಬು) ತೆಗೆದು ಹೊಸದು ಅಂಟಿಸುವುದು. ಉಳಿಸಿದ್ದೆಲ್ಲ ಅಲ್ಲೇ ಹೋಯಿತು.

ಹಾಗಾಗಿ ಲೆಕ್ಕ ತಿರುಗಿಸಿದೆ. ಲ್ಯಾಬಿನವರು ಟ್ರೇ ಲೆಕ್ಕದಲ್ಲಿ ಬಿಲ್ ಹಾಕಿದರೆ ನಾವು ಟ್ರೇ ಕಡಿಮೆ ಮಾಡೋಕೆ ನೋಡುತ್ತೇವೆ, ಅಲ್ವಾ? ನಾನು ಜಾಸ್ತಿ ಮಾಡಿದೆ. ಒಂದು ಸ್ಟೇಜಿಗೆ, ಅಂದರೆ ಒಂದು ಟ್ರೇಗೆ, ಹಲ್ಲು ಸರಿಯುವುದು 0.25 ಮಿ.ಮೀ. ಇದ್ದದ್ದನ್ನು 0.2ರ ಆಸುಪಾಸಿಗೆ ಇಳಿಸಿ, ವಾರಕ್ಕೊಂದು ಟ್ರೇ ಬದಲಿಸಲು ಹೇಳಿದೆ. ಪ್ಲಾಸ್ಟಿಕ್ ಜಾಸ್ತಿ ಹೋಯಿತು, ರಿಫೈನ್‌ಮೆಂಟ್ ಮೂರನೇ ಒಂದಕ್ಕೆ ಇಳಿಯಿತು.

ಅದಕ್ಕೂ ಮೊದಲು ಮಾಡೆಲ್‌ಗಳು ಚೆನ್ನಾಗಿ ಸತಾಯಿಸಿದವು. ರೆಸಿನ್ ಉಳಿಯಲಿ ಅಂತ ಟೊಳ್ಳಾಗಿ ಪ್ರಿಂಟ್ ಮಾಡುತ್ತಿದ್ದೆ. ಬಿಸಿ ಶೀಟ್ ಒತ್ತಿದ ಕೂಡಲೇ ದವಡೆಹಲ್ಲಿನ ಹತ್ತಿರ ಗೋಡೆ ಒಳಕ್ಕೆ ಸರಿಯುತ್ತಿತ್ತು. ಮಾಡೆಲ್ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬಾಯಿಗೆ ಹಾಕಿದಾಗ ಹಿಂದೆ ಬಿಗಿ, ಮುಂದೆ ಬಾಚಿಹಲ್ಲಿನ ತುದಿಯಲ್ಲಿ ಸಣ್ಣ ಬಿಳಿ ಗಾಳಿಗೆರೆ. ಟ್ರೇಗಟ್ಟಲೆ ಕಸಕ್ಕೆ ಹೋಯಿತು. ಗೋಡೆ 2 ಮಿ.ಮೀ.ಗಿಂತ ದಪ್ಪ ಇಟ್ಟು, ಆಲ್ಕೊಹಾಲ್ ಪೂರ್ತಿ ಆರಿದ ನಂತರವೇ ಕ್ಯೂರ್ (ಬೆಳಕಿನಲ್ಲಿ ಗಟ್ಟಿ) ಮಾಡಿದ ಮೇಲೆ ಸರಿಹೋಯಿತು. ಪ್ರಿಂಟಿನ ಒಂದೊಂದು ಲೇಯರ್ 100 ಮೈಕ್ರಾನ್ ಸಾಕು. 50ಕ್ಕೆ ಇಳಿಸಿ ನೋಡಿದೆ, ಸಮಯ ಡಬಲ್ ಆಯಿತು, ಬಾಯಲ್ಲಿ ವ್ಯತ್ಯಾಸವೇ ಇಲ್ಲ.

ಟ್ರೇ ಅಂಚನ್ನು ವಸಡಿನ ಗೆರೆಯಂತೆ ಬಳುಕಿಸಿ ಕತ್ತರಿಸುವುದನ್ನೂ ಬಿಟ್ಟೆ. ವಸಡಿನ ಮೇಲೆ ಸುಮಾರು 2 ಮಿ.ಮೀ. ಟ್ರೇ ಬರುವಂತೆ ನೇರವಾಗಿ ಕತ್ತರಿಸಿದರೆ ಹಿಡಿತ ಎಷ್ಟು ಬರುತ್ತದೆ ಅಂದರೆ, ಅರ್ಧದಷ್ಟು ಅಟ್ಯಾಚ್‌ಮೆಂಟ್ ಬೇಕಾಗುವುದೇ ಇಲ್ಲ. ಐಪಿಆರ್ (ಜಾಗಕ್ಕಾಗಿ ಹಲ್ಲುಗಳ ನಡುವೆ ಸ್ವಲ್ಪ ಉಜ್ಜುವುದು) ಮಾತ್ರ ಗೇಜ್ ಹಾಕಿ ಅಳೆಯದೆ ಬಿಡಬೇಡಿ. ಪ್ಲಾನಿನಲ್ಲಿ 0.5 ಮಿ.ಮೀ. ಇದ್ದು ಬಾಯಲ್ಲಿ 0.3 ಆಗಿದ್ದರೆ ಮುಂದಿನ ಟ್ರೇಗಳೆಲ್ಲ ಬಿಗಿ.

ಕೋರೆಹಲ್ಲು ತಿರುಗಿಸುವುದು ಎಲ್ಲರಿಗೂ ತಲೆನೋವು. ಇನ್ವಿಸಲೈನ್ ಅನ್ನುವ ಅಲೈನರ್ ಬ್ರ್ಯಾಂಡ್ ಮೇಲೆ 2009ರಲ್ಲಿ ಬಂದ ಅಧ್ಯಯನದಲ್ಲಿ, ಎಲ್ಲ ಬಗೆಯ ಚಲನೆ ಸೇರಿ, ಅಂದುಕೊಂಡದ್ದು ಕೈಗೂಡಿದ್ದು ಸರಾಸರಿ ಶೇ. 41. 2020ರ ಅಧ್ಯಯನದಲ್ಲೂ ಶೇ. 50 ಅಷ್ಟೇ. ಹಾಗಾಗಿ ಪ್ಲಾನಿನಲ್ಲೇ ಬೇಕಾದ್ದಕ್ಕಿಂತ ಜಾಸ್ತಿ ತಿರುಗಿಸಿ ಇಡುತ್ತೇನೆ. ಎಷ್ಟು ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬೇರು ಮತ್ತು ವಯಸ್ಸು ನೋಡಿ ಬದಲಾಯಿಸುತ್ತೇನೆ ಅಂತ ಮಾತ್ರ ಹೇಳಬಲ್ಲೆ.

ಇನ್ನೊಂದು ಪ್ರಯೋಗ ಸುಮ್ನೆ ಶುರುಮಾಡಿದ್ದು. ಒಂದೇ ಮಾಡೆಲ್ ಮೇಲೆ 0.5 ಮಿ.ಮೀ. ದಪ್ಪದ ಶೀಟ್ ಒಮ್ಮೆ, 0.75ರದ್ದು ಒಮ್ಮೆ. ಮೊದಲ ಎರಡು ಮೂರು ದಿನ ತೆಳು, ಆಮೇಲೆ ದಪ್ಪ. ನೋವು ಅಂತ ಟ್ರೇ ತೆಗೆದಿಡುತ್ತಿದ್ದವರು ಈಗ ದಿನಕ್ಕೆ 22 ಗಂಟೆ ಹಾಕಿಕೊಳ್ಳುತ್ತಿದ್ದಾರೆ. ರೆಸಿನ್ ಖರ್ಚು ಅಷ್ಟೇ. ಟಿಪಿಯು (ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್) ಪದರದ ಶೀಟನ್ನೂ ನೋಡಿದೆ. ಬಿರುಕು ಬಿಡುವುದಿಲ್ಲ, ಆದರೆ ಬೆಲೆ ಹೆಚ್ಚುಕಡಿಮೆ ಎರಡರಷ್ಟು. ರಾತ್ರಿ ಹಲ್ಲು ಕಡಿಯುವವರಿಗೆ ಮಾತ್ರ ಬಳಸುತ್ತೇನೆ.

ಪ್ರಿಂಟರ್, ಕ್ಯೂರಿಂಗ್ ಪೆಟ್ಟಿಗೆ, ಪ್ರೆಷರ್ ಮಷೀನ್ ಮೂರರ ದುಡ್ಡು ಹತ್ತು ಹನ್ನೆರಡು ಕೇಸಿನಲ್ಲಿ ವಾಪಸ್ ಬಂತು. ಸ್ಕ್ಯಾನರ್ ನನ್ನಲ್ಲಿ ಮೊದಲೇ ಇತ್ತು. ಇಲ್ಲದವರಿಗೆ ಇದರ ಎರಡು ಮೂರು ಪಟ್ಟು ಕೇಸು ಬೇಕಾಗಬಹುದು. ಹಲ್ಲು ಕೀಳಬೇಕಾದ ಕೇಸು, ಓಪನ್ ಬೈಟ್ (ಬಾಯಿ ಮುಚ್ಚಿದರೂ ಮೇಲಿನ, ಕೆಳಗಿನ ಹಲ್ಲು ತಾಗದಿರುವುದು) ಇವನ್ನು ಈಗಲೂ ಲ್ಯಾಬಿಗೇ ಕಳಿಸುತ್ತೇನೆ.