ಕಣ್ಣಿಗೆ ಮೋಸ ಮಾಡುವ ಮ್ಯೂಸಿಯಂ: ಮುಂಬೈಯಲ್ಲಿ ನಾವು ಒಂದು ದಿನ ಕಳೆದದ್ದು ಹೀಗೆ

ಡಿಸೆಂಬರ್ ರಜೆಗೆ ತಂಗಿಯ ಇಬ್ಬರು ಮಕ್ಕಳು ಉಡುಪಿಯಿಂದ ಮುಂಬೈಯ ಮುಲುಂಡ್‌ಗೆ, ನಮ್ಮ ಮನೆಗೆ ಬಂದಿದ್ದರು. ದೊಡ್ಡವಳಿಗೆ ಹದಿಮೂರು, ಚಿಕ್ಕವನಿಗೆ ಎಂಟು. ಚೀಲ ಕೆಳಗಿಡುವ ಮೊದಲೇ ಬೇಡಿಕೆ ಬಂತು. “ದೊಡ್ಡಮ್ಮ, ಗೋಡೆ ಮೇಲೆ ನಿಲ್ಲುವ ಮ್ಯೂಸಿಯಂ ಉಂಟಂತಲ್ಲ, ಅಲ್ಲಿಗೆ ಹೋಗುವ.”

ನಾನು ಮನೆಯಲ್ಲಿ ಮಕ್ಕಳಿಗೆ ವಿಜ್ಞಾನದ ಟ್ಯೂಷನ್ ಹೇಳುತ್ತೇನೆ. ಬೆಳಕು, ಕನ್ನಡಿ, ಕಣ್ಣು ಅಂದರೆ ನನಗೆ ತುಂಬ ಇಷ್ಟ. ಹಾಗಾಗಿ ಇಂಥ ಜಾಗ ಕಂಡರೆ ಬಿಡುವುದಿಲ್ಲ. ದೆಹಲಿಯ ಕನಾಟ್ ಪ್ಲೇಸ್‌ನಲ್ಲಿರುವ ಮ್ಯೂಸಿಯಂ ಆಫ್ ಇಲ್ಯೂಷನ್ಸ್ ನೋಡಿದ್ದೇನೆ. 2015ರಲ್ಲಿ ಕ್ರೊಯೇಷಿಯಾದ ಝಾಗ್ರೆಬ್‌ನಲ್ಲಿ ಶುರುವಾಗಿ ಊರೂರಿಗೆ ಹಬ್ಬಿದ ಸರಣಿ ಅದು. ನಮ್ಮ ಮುಂಬೈಯ ಫೋರ್ಟ್‌ನಲ್ಲಿ ಅಂಥದ್ದೇ ಪ್ಯಾರಡಾಕ್ಸ್ ಮ್ಯೂಸಿಯಂ ಇದೆ. ವರ್ಲಿಯ ನೆಹರೂ ಸೈನ್ಸ್ ಸೆಂಟರ್ ಅಂತೂ 1985ರಿಂದ ಇದೆ, ಅಲ್ಲಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಇವಲ್ಲದೆ ಒಂದು ಮಾಲ್‌ನಲ್ಲಿದ್ದ, ಕಣ್ಣಿಗೆ ಮೋಸ ಮಾಡುವ ಚಿತ್ರಗಳ ಮ್ಯೂಸಿಯಂಗೂ ಹೋಗಿ ದುಡ್ಡು ಕಳೆದುಕೊಂಡಿದ್ದೇನೆ. ಗೋಡೆಯ ಬಣ್ಣ ಎದ್ದುಹೋಗಿತ್ತು. ಒಂದೊಂದು ಚಿತ್ರದ ಮುಂದೆ ಅರ್ಧ ನಿಮಿಷ ನಿಲ್ಲಿಸಿ, ಫೋಟೊ ತೆಗೆದು, ಮುಂದಕ್ಕೆ ಕಳಿಸುತ್ತಿದ್ದರು. ನಾನು ಏನು ನೋಡಿದೆ ಅಂತ ಹೊರಗೆ ಬಂದಮೇಲೆ ನನಗೇ ಗೊತ್ತಾಗಲಿಲ್ಲ.

ಆವತ್ತಿನಿಂದ ಇಂಥ ಜಾಗಕ್ಕೆ ಹೋದಾಗ ನಾನು ಒಂದೇ ವಿಷಯ ನೋಡುತ್ತೇನೆ. ಮೋಸ ಹೋದಮೇಲೆ ಅದು ಹೇಗಾಯಿತು ಅಂತ ಆಚೆ ಬದಿಯಿಂದ ಹೋಗಿ ನೋಡಲು ಬಿಡುತ್ತಾರಾ? ಅಷ್ಟು ಹೊತ್ತು ಕೊಡುತ್ತಾರಾ? ಫೋಟೊ ಚೆನ್ನಾಗಿ ಬರುತ್ತದಾ ಅನ್ನುವುದು ಆಮೇಲೆ.

ಹಿಂದಿನ ರಾತ್ರಿ ಊಟವಾದಮೇಲೆ ಮಕ್ಕಳನ್ನು ಕೂರಿಸಿಕೊಂಡೆ. ಕಾಗದದಲ್ಲಿ ಸಮ ಉದ್ದದ ಎರಡು ಗೆರೆ ಎಳೆದೆ. ಒಂದರ ತುದಿಗಳಿಗೆ ಒಳಮುಖದ ಬಾಣ, ಇನ್ನೊಂದಕ್ಕೆ ಹೊರಮುಖದ್ದು. 1889ರಲ್ಲಿ ಇದನ್ನು ತೋರಿಸಿಕೊಟ್ಟ ಜರ್ಮನಿಯ ಮ್ಯೂಲರ್-ಲೈಯರ್ ಅವರ ಹೆಸರೇ ಇದಕ್ಕಿದೆ. ಯಾವುದು ಉದ್ದ ಅಂತ ಕೇಳಿದೆ. ಇಬ್ಬರೂ ತಪ್ಪು ಹೇಳಿದರು. ಸ್ಕೇಲ್ ಇಟ್ಟು ಅಳೆದರು, ಎರಡೂ ಹತ್ತು ಸೆಂಟಿಮೀಟರ್. “ಈಗ ಸ್ಕೇಲ್ ತೆಗೆದು ಮತ್ತೆ ನೋಡಿ” ಅಂದೆ. ಚಿಕ್ಕವನು ಕಣ್ಣು ಉಜ್ಜಿಕೊಂಡ. “ಸಮ ಅಂತ ಗೊತ್ತುಂಟು ದೊಡ್ಡಮ್ಮ, ಆದ್ರೂ ಉದ್ದ ಕಾಣ್ತದೆ!”

ಈ ಮಾತಿಗೇ ನಾನು ಕಾಯುತ್ತಿದ್ದೆ. ಗುಟ್ಟು ತಿಳಿದರೆ ಮಜಾ ಹೋಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಕಣ್ಣಿನ ವಿಷಯದಲ್ಲಿ ಹಾಗಾಗುವುದಿಲ್ಲ. ತಿಳಿದಮೇಲೂ ಕಣ್ಣು ಮೋಸ ಹೋಗುತ್ತಲೇ ಇರುತ್ತದೆ, ಮಜಾ ಇನ್ನೂ ಜಾಸ್ತಿಯಾಗುತ್ತದೆ.

ಹೊರಟದ್ದು ಮಂಗಳವಾರ. ಭಾನುವಾರ ಬೇಡವೇ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಮಾಟುಂಗಾ–ಮುಲುಂಡ್ ನಡುವೆ ಹಳಿ ರಿಪೇರಿಯ ಮೆಗಾ ಬ್ಲಾಕ್ ಬಿದ್ದರೆ ಅರ್ಧ ದಿನ ಪ್ಲಾಟ್‌ಫಾರ್ಮ್‌ನಲ್ಲೇ ಕಳೆಯುತ್ತದೆ. ಎಪ್ಪತ್ತೆರಡರ ನಮ್ಮ ಅತ್ತೆಯೂ ಬಂದರು. “ಮಕ್ಕಳ ಜೊತೆ ನಾನೂ ನೋಡ್ತೇನೆ” ಅಂದರು. ಆಫೀಸಿನ ರಷ್ ಮುಗಿದಮೇಲೆ ಲೋಕಲ್ ಹಿಡಿದು ದಾದರ್‌ಗೆ ಹೋದೆವು. ಅಲ್ಲಿಂದ ಟ್ಯಾಕ್ಸಿಯಲ್ಲಿ ಸೈನ್ಸ್ ಸೆಂಟರ್.

ಮೊದಲು ಇಲ್ಲಿಗೇ ಬರಬೇಕು ಅನ್ನುವುದು ನನ್ನ ಅನುಭವ. ಹಿಂದೊಮ್ಮೆ ಟ್ಯೂಷನ್ ಮಕ್ಕಳನ್ನು ಉಲ್ಟಾ ಕ್ರಮದಲ್ಲಿ, ಮೊದಲು ಪ್ಯಾರಡಾಕ್ಸ್‌ಗೆ, ಆಮೇಲೆ ಇಲ್ಲಿಗೆ ಕರೆದುಕೊಂಡು ಹೋಗಿದ್ದೆ. ಝಗಮಗ ದೀಪ ನೋಡಿ ಬಂದ ಮಕ್ಕಳಿಗೆ ಇಲ್ಲಿಯ ಹಳೇ ಪೆಟ್ಟಿಗೆ, ಹ್ಯಾಂಡಲ್‌ಗಳ ಮೇಲೆ ಮನಸ್ಸೇ ಬರಲಿಲ್ಲ. ಬೆಳಿಗ್ಗೆಯೇ ಬಂದರೆ ಕತೆ ಬೇರೆ. ಇಲ್ಲಿ ಎಲ್ಲವನ್ನೂ ಮುಟ್ಟಬಹುದು, ತಿರುಗಿಸಬಹುದು. ಬಾಗಿದ ಕನ್ನಡಿಯ ಮುಂದೆ ಹತ್ತು ನಿಮಿಷ ನಿಂತರೂ ಯಾರೂ ಹೊರಡಿ ಅನ್ನುವುದಿಲ್ಲ. ಚಿಕ್ಕವನು ಒಂದೊಂದೇ ಹೆಜ್ಜೆ ಹಿಂದೆ ಹೋಗುತ್ತಾ ತನ್ನ ಮುಖ ಎಲ್ಲಿ ತಲೆಕೆಳಗಾಗುತ್ತದೆ ಅಂತ ತಾನೇ ಪತ್ತೆ ಮಾಡಿದ. ದೊಡ್ಡವಳಿಗೆ ಶಾಲೆಯ ಪ್ರವಾಸದಲ್ಲಿ ಹಂಪಿಯಲ್ಲಿ ಕಂಡದ್ದು ನೆನಪಾಯಿತು. ವಿರೂಪಾಕ್ಷ ಗುಡಿಯ ಕತ್ತಲೆ ಕೋಣೆಯ ಗೋಡೆ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದಲ್ಲ, ಅದು. ಕನ್ನಡಿಯೇ ಇಲ್ಲದೆ ಅಲ್ಲಿ ಹೇಗೆ ಅಂತ ಕೇಳಿದಳು. ಸಣ್ಣ ಕಿಂಡಿಯಲ್ಲಿ ಬರುವ ಬೆಳಕು ನೇರ ಹೋಗುತ್ತದೆ, ಗೋಪುರದ ಮೇಲಿನದ್ದು ಗೋಡೆಯಲ್ಲಿ ಕೆಳಗೆ ಬೀಳುತ್ತದೆ, ಕೆಳಗಿನದ್ದು ಮೇಲೆ. ಅಲ್ಲೇ ಬೆಂಚಿನ ಮೇಲೆ ಕೂತು ಚಿತ್ರ ಬರೆದು ತೋರಿಸಿದೆ.

ಇನ್ನೊಂದು ಅನುಕೂಲ, ಮೆಟ್ರೋ. 2025ರ ಅಕ್ಟೋಬರ್‌ನಿಂದ ಆಕ್ವಾ ಲೈನ್ ಪೂರ್ತಿ ಓಡುತ್ತಿದೆ. ಸೈನ್ಸ್ ಸೆಂಟರ್ ಅನ್ನುವ ಹೆಸರಿನದೇ ಸ್ಟೇಷನ್ ಇದೆ. ಅಲ್ಲಿ ಹತ್ತಿದರೆ ಬದಲಾಯಿಸದೆ ಫೋರ್ಟ್ ಹತ್ತಿರದ ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ ಇಳಿಯಬಹುದು. ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಊಟ ಮಾಡಿದೆವು. ಮಕ್ಕಳಿಗೆ ಜಾಸ್ತಿ ತಿನ್ನಿಸಲಿಲ್ಲ, ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಪ್ಯಾರಡಾಕ್ಸ್‌ನಲ್ಲಿ ಮಕ್ಕಳು ಕಾಲಿಟ್ಟ ಕೂಡಲೇ ಓಡಿದರು. ನಾನು ಹೆಚ್ಚು ಹೊತ್ತು ಕಳೆದದ್ದು ಒಬ್ಬರು ದೈತ್ಯ, ಒಬ್ಬರು ಕುಳ್ಳ ಆಗುವ ಏಮ್ಸ್ ಕೋಣೆಯಲ್ಲಿ. ಅಡೆಲ್ಬರ್ಟ್ ಏಮ್ಸ್ ಅನ್ನುವ ಅಮೆರಿಕದವರು ಇಂಥದ್ದನ್ನು ಮೊದಲು ಕಟ್ಟಿದರು. ನೋಡಲು ಚೌಕ ಕೋಣೆ. ನಿಜವಾಗಿ ಒಂದು ಮೂಲೆ ಇನ್ನೊಂದಕ್ಕಿಂತ ತುಂಬ ದೂರ ಇರುತ್ತದೆ, ನೆಲ, ಚಾವಣಿ ಎರಡೂ ಓರೆ. ದೂರದಲ್ಲಿ ನಿಂತವರು ಚಿಕ್ಕದಾಗಿ ಕಾಣುತ್ತಾರೆ. ಕೋಣೆ ಚೌಕ ಅಂತ ಮನಸ್ಸು ಮೊದಲೇ ಒಪ್ಪಿಬಿಟ್ಟಿರುವುದರಿಂದ ಅದು ದೂರ ಅಂತ ನಮಗೆ ಹೊಳೆಯುವುದಿಲ್ಲ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದಿದೆ. ಎರಡೂ ಕಣ್ಣು ತೆರೆದು ಹತ್ತಿರ ನಿಂತು “ಏನೂ ಅನ್ನಿಸ್ತಿಲ್ಲ” ಅನ್ನುತ್ತಾರೆ. ಎರಡು ಕಣ್ಣಿದ್ದರೆ ದೂರ ಎಷ್ಟು ಅಂತ ಅಂದಾಜು ಸಿಕ್ಕಿಬಿಡುತ್ತದೆ. ಫೋನಿನ ಕ್ಯಾಮೆರಾ ನೋಡುವುದು ಒಂದೇ ಜಾಗದಿಂದ. ಅದಕ್ಕೇ ಫೋಟೊದಲ್ಲಿ ಚೆನ್ನಾಗಿ ಬರುತ್ತದೆ. ತೋರಿಸಿದ ಗುರುತಿನಲ್ಲಿ ನಿಂತು ಒಂದು ಕಣ್ಣು ಮುಚ್ಚಿ, ಆಗ ನೋಡಿ! ಚಿಕ್ಕವನು ಈಚೆ ಮೂಲೆಯಲ್ಲಿ ನಿಂತು ಅಕ್ಕನ ಎರಡರಷ್ಟಾದ. ಅಕ್ಕ ಆಚೆಯಿಂದ ನಡೆದು ಬರುತ್ತಾ ಬರುತ್ತಾ ಬೆಳೆದಳು. ಆಮೇಲೆ ಇಬ್ಬರೂ ಒಳಗೆ ಹೋಗಿ, ನೆಲದ ಓರೆಯನ್ನು ಪಾದದಲ್ಲೇ ಅಳೆದು, ಹೊರಗೆ ಬಂದು ಮತ್ತೆ ಒಂದು ಕಣ್ಣು ಮುಚ್ಚಿದರು. ಮತ್ತೆ ಮೋಸ ಹೋದರು.

ತಿರುಗುವ ಸುರಂಗದಲ್ಲಿ ಸ್ವಲ್ಪ ತೊಂದರೆಯಾಯಿತು. ಒಳಗೆ ನಾವು ನಡೆಯುವ ಸೇತುವೆ ಅಲುಗುವುದೇ ಇಲ್ಲ, ಸುತ್ತಲಿನ ಗೋಡೆ ಮಾತ್ರ ತಿರುಗುತ್ತದೆ. ಆದರೆ ಕಣ್ಣು ‘ವಾಲುತ್ತಿದ್ದೀಯ’ ಅನ್ನುತ್ತದೆ, ಮೈಯ ಸಮತೋಲ ನೋಡಿಕೊಳ್ಳುವ ಒಳಕಿವಿ ‘ಇಲ್ಲ, ನಿಂತಿದ್ದೀಯ’ ಅನ್ನುತ್ತದೆ. ಎರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಊಟ ಕಡಿಮೆ ಮಾಡಿಸಿದ್ದು ಇದಕ್ಕೇ. ಅತ್ತೆ ನಡುವೆಯೇ ಕಂಬಿ ಹಿಡಿದು ನಿಂತುಬಿಟ್ಟರು, ಮುಖ ಬಿಳುಚಿತ್ತು. ನನಗೆ ಎದೆ ಧಸಕ್ಕೆಂದಿತು. “ಅತ್ತೆ, ಕಣ್ಣು ಮುಚ್ಚಿಕೊಳ್ಳಿ, ನನ್ನ ಕೈ ಹಿಡಿದು ಬನ್ನಿ” ಅಂದೆ. ಕಣ್ಣು ಮುಚ್ಚಿದ ಕೂಡಲೇ ಸುತ್ತುವುದು ನಿಂತುಹೋಯಿತು. ಅವರು ಆರಾಮಾಗಿ ನಡೆದು ದಾಟಿದರು. ಮುಂಚೆಯೇ ಹೇಳದೆ ಅವರನ್ನು ಒಳಗೆ ಕರೆದದ್ದು ನನ್ನ ತಪ್ಪು. ವಯಸ್ಸಾದವರು, ತಲೆಸುತ್ತು, ಮೈಗ್ರೇನ್, ಫಿಟ್ಸ್ ಇರುವವರು ಇದನ್ನು ಬಿಟ್ಟು ಪಕ್ಕದಿಂದ ಹೋಗುವುದು ಒಳ್ಳೆಯದು.

ನೆಲವೇ ಓರೆಯಾಗಿರುವ ಇನ್ನೊಂದು ಕೋಣೆಯಲ್ಲಿ ಫೋನನ್ನು ನೆಲದ ಓರೆಗೆ ಸರಿಯಾಗಿ ವಾಲಿಸಬೇಕು, ಆಗಲೇ ಮನುಷ್ಯರು ವಾಲಿದಂತೆ ಕಾಣುತ್ತಾರೆ. ನೆಲದಲ್ಲೂ ಕನ್ನಡಿ ಇರುವ ಕೋಣೆಗಳಿಗೆ ಹೆಣ್ಣುಮಕ್ಕಳು ಫ್ರಾಕಿಗಿಂತ ಪ್ಯಾಂಟ್, ಚೂಡಿದಾರ ಹಾಕಿಕೊಂಡು ಹೋದರೆ ಸಲೀಸು.

ಇನ್ನು ಯಾವುದಕ್ಕೆ ಹೋಗಬೇಕು ಅನ್ನುವ ಪ್ರಶ್ನೆ. ಮನಸಾರೆ ನಗಬೇಕು, ಮನೆಮಂದಿ ಸೇರಿ ಫೋಟೊ ಬೇಕು ಅಂದರೆ ಪ್ಯಾರಡಾಕ್ಸ್. ಖರ್ಚು ಜಾಸ್ತಿ, ಆದರೆ ಮಕ್ಕಳು ಈಗಲೂ ಅದರ ಮಾತೇ ಆಡುತ್ತಾರೆ. ದೆಹಲಿಗೆ ಹೋಗುವವರು ಅಲ್ಲಿಯ ಮರದ ಒಗಟುಗಳಿಗೆ ಸಮಯ ಇಟ್ಟುಕೊಳ್ಳಿ, ನನಗೆ ಅಲ್ಲಿ ಕೋಣೆಗಳಿಗಿಂತ ಅವೇ ಹಿಡಿಸಿದವು. ಕೈ ಬಿಗಿ ಇದ್ದರೆ ಸೈನ್ಸ್ ಸೆಂಟರ್ ಒಂದೇ ಸಾಕು. ಖಾಸಗಿ ಮ್ಯೂಸಿಯಂನ ಒಂದು ಟಿಕೆಟಿನ ದುಡ್ಡಿಗೆ ಇಲ್ಲಿ ಮನೆಮಂದಿಯೆಲ್ಲ ಒಳಗೆ ಹೋಗಬಹುದು. ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಆಚೆ ಬದಿಯಿಂದ ನೋಡಲು ಇಲ್ಲಿ ಸಿಗುವಷ್ಟು ಹೊತ್ತು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಸಂಜೆಯ ರಷ್ ಶುರುವಾಗುವ ಮೊದಲೇ ಸಿಎಸ್‌ಎಂಟಿಗೆ ಬಂದೆವು. ಲೋಕಲ್ ಅಲ್ಲಿಂದಲೇ ಹೊರಡುವುದರಿಂದ ಎಲ್ಲರಿಗೂ ಸೀಟು ಸಿಕ್ಕಿತು, ಅತ್ತೆಗೆ ಕಿಟಕಿಯ ಪಕ್ಕ. ಎದುರು ಪ್ಲಾಟ್‌ಫಾರ್ಮ್‌ನ ರೈಲು ಮೆಲ್ಲಗೆ ಚಲಿಸಿತು. ನಮ್ಮದೇ ಹೊರಟಿತು ಅಂತ ಅತ್ತೆ ಗಬಕ್ಕನೆ ಕಿಟಕಿಯ ಸರಳು ಹಿಡಿದರು. ಚಿಕ್ಕವನು ಅವರ ಕಡೆ ಬಾಗಿದ. “ಅಜ್ಜಿ, ನಮ್ಮದಲ್ಲ, ಅದು! ಕಣ್ಣು ಮುಚ್ಚಿ ನೋಡಿ.”

ಅತ್ತೆ ಕಣ್ಣು ಮುಚ್ಚಿದರು. ಆಮೇಲೆ ತೆರೆದರು. ಮತ್ತೆ ಮುಚ್ಚಿದರು. ಆ ರೈಲು ಪೂರ್ತಿ ದಾಟಿ ಹೋಗುವವರೆಗೆ ಹಾಗೇ ಮಾಡುತ್ತಾ ಕೂತರು.