ರಾಜಕಾಲುವೆ ನೀರಿನ ಪರೀಕ್ಷೆ: ಒಣ ದಿನ ಒಮ್ಮೆ, ಮಳೆಯಲ್ಲಿ ಇನ್ನೊಮ್ಮೆ

ಬೆಂಗಳೂರಿನ ರಾಜಕಾಲುವೆಗಳಿರುವುದು ಮಳೆನೀರನ್ನು ಕೆರೆಯಿಂದ ಕೆರೆಗೆ ಸಾಗಿಸಲಿಕ್ಕೆ. ಹಾಗಾಗಿ ಮೊದಲ ಪರೀಕ್ಷೆಗೆ ಕಣ್ಣು ಸಾಕು. ಮೂರು ದಿನ ಒಂದು ಹನಿಯೂ ಬೀಳದಿದ್ದಾಗ, ಮನೆಗಳಲ್ಲಿ ನೀರಿನ ಬಳಕೆ ಜೋರಾಗಿರುವ ಬೆಳಗಿನ ಹೊತ್ತು ಹೋಗಿ ನೋಡಿ. ಆಗಲೂ ಕಾಲುವೆ ಹರಿಯುತ್ತಿದ್ದರೆ ಅದು ಬಹುತೇಕ ಕೊಳಚೆಯೇ. ಆ ದಿನದ ಅಳತೆ ಬರೆದಿಟ್ಟುಕೊಳ್ಳದೆ ಮಳೆ ದಿನದ ಅಂಕಿ ಹಿಡಿದು ಏನನ್ನೂ ಹೇಳಲಾಗದು.

ಅನುಮಾನದ ಪೈಪಿಗಿಂತ ಮೇಲೆ ಒಂದು ಜಾಗ, ಕೆಳಗೆ ಒಂದು ಜಾಗ ಗುರುತಿಸಿ. ಕೆಳಗಿನದು ಪೈಪಿನ ಬಾಯಿಗೇ ಅಂಟಿಕೊಂಡಿರಬಾರದು, ನೀರು ಬೆರೆಯಬೇಕು. ಹಗ್ಗ ಕಟ್ಟಿದ ಬಕೆಟ್, ಥರ್ಮಾಮೀಟರ್, ಪಿಎಚ್ (ಆಮ್ಲ-ಕ್ಷಾರದ ಅಳತೆ) ಮತ್ತು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಮೀಟರ್, ಕೊಳಚೆಯ ಗುರುತಾದ ಅಮೋನಿಯಾ ಅಳೆಯುವ ಕಿಟ್, ಕರಗಿದ ಆಮ್ಲಜನಕದ ಕಿಟ್, ಉದ್ದ ಕೈಗವಸು ಇಷ್ಟಿರಲಿ. ಪಿಎಚ್ ಮೀಟರನ್ನು ಅದೇ ದಿನ 7 ಮತ್ತು 9.2ರ ಬಫರಿನಲ್ಲಿ, ಅಂದರೆ ಪಿಎಚ್ ಮೊದಲೇ ಗೊತ್ತಿರುವ ದ್ರಾವಣದಲ್ಲಿ, ಸರಿಹೊಂದಿಸಿ. ನೀರಿಗೆ ಅದ್ದುವ ಅದರ ತುದಿ (ಎಲೆಕ್ಟ್ರೋಡ್) ಒಣಗಿದ್ದರೆ ಅಂಕಿ ಒಂದು ಕಡೆ ನಿಲ್ಲುವುದಿಲ್ಲ. ಕುಡಿಯುವ ನೀರಿಗೆಂದು ಮಾರುವ, ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಪರೀಕ್ಷಾ ಬಾಟಲಿಗೆ ದುಡ್ಡು ದಂಡ. ಇಲ್ಲಿ ಅದು ಹೇಗೂ ಕಪ್ಪಾಗುತ್ತದೆ.

ಹೆಚ್ಚು ಕೆಡುವುದು ಆಮ್ಲಜನಕದ ಪರೀಕ್ಷೆ. ನೀರನ್ನು ಬಾಟಲಿಗೆ ಸುರಿದರೆ ಗಾಳಿ ಸೇರುತ್ತದೆ. ಬಕೆಟ್ಟನ್ನು ಮೆಲ್ಲಗೆ ತುಂಬಿಸಿ, ಬಾಟಲಿಯನ್ನು ಅದರೊಳಗೆ ಓರೆಯಾಗಿ ಮುಳುಗಿಸಿ, ನೀರಿನಡಿಯೇ ಬಿರಡೆ ಹಾಕಿ. ಗುಳ್ಳೆ ಕಂಡರೆ ಚೆಲ್ಲಿ, ಮತ್ತೆ ತುಂಬಿಸಿ. ಕಿಟ್ಟಿನ ದ್ರಾವಣಗಳಲ್ಲಿ ಮೊದಲು ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೋಡೈಡ್ ಹಾಕಿ, ಮುಚ್ಚಿ ತಲೆಕೆಳಗು ಮಾಡಿ. ಕಂದು ಮಡ್ಡಿ ಇಳಿದರೆ ಆಮ್ಲಜನಕವಿದೆ. ಬೆಳ್ಳಗೇ ಉಳಿದರೆ ಇಲ್ಲ, ಹನಿಹನಿಯಾಗಿ ರಾಸಾಯನಿಕ ಹಾಕಿ ಪ್ರಮಾಣ ಅಳೆಯುವ ಮುಂದಿನ ಹಂತ (ಟೈಟ್ರೇಷನ್) ಬೇಕಿಲ್ಲ. ಮೀನು ಬದುಕುವ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುವ ಕನಿಷ್ಠ ಮಟ್ಟ ಲೀಟರಿಗೆ 4 ಮಿ.ಗ್ರಾಂ. ಬೆಂಗಳೂರಿನ ಎತ್ತರದಲ್ಲಿ, 25 ಡಿಗ್ರಿಯಲ್ಲಿ, ಚೊಕ್ಕ ನೀರೂ ಹಿಡಿದಿಡುವುದು ಸುಮಾರು 7.5. ಹರಿಯುವ ಕೊಳಚೆಯಲ್ಲಿ 9 ಬಂತೆಂದರೆ ಗುಳ್ಳೆಯನ್ನೇ ಅನುಮಾನಿಸಿ. ಬಳಸಿದ ರಾಸಾಯನಿಕ ಕ್ಯಾನಿಗೆ ಹೋಗಲಿ, ಕಾಲುವೆಗಲ್ಲ.

ಮಳೆಯ ದಿನ ಮುಖ್ಯವಾದದ್ದು ಮೊದಲ ಅರ್ಧ ಗಂಟೆ. ರಸ್ತೆಯ ಎಣ್ಣೆ, ಟೈರಿನ ಪುಡಿ, ಧೂಳು ಎಲ್ಲ ಆಗಲೇ ಕೊಚ್ಚಿಕೊಂಡು ಬರುತ್ತವೆ. ನೀರು ಏರತೊಡಗಿದ ಕೂಡಲೇ ಒಂದು ಮಾದರಿ, ಆಮೇಲೆ ಅರ್ಧ ಗಂಟೆಯವರೆಗೆ ಹತ್ತು ನಿಮಿಷಕ್ಕೊಂದು, ಗಂಟೆಗೆ ಕೊನೆಯದು. ಎಲ್ಲವನ್ನೂ ಸೇತುವೆಯ ಮೇಲಿಂದಲೇ ಎತ್ತಿ. ಮೇಲ್ಗಡೆ ಸುರಿದ ಮಳೆಗೆ ಇಲ್ಲಿ ನಿಮಿಷಗಳಲ್ಲಿ ನೀರೇರುತ್ತದೆ, ಕೆಳಗಿಳಿಯಲೇಬೇಡಿ. ಇಲಿಜ್ವರದ ಭಯವಿರುವುದರಿಂದ ಗಾಯದ ಕೈಯಲ್ಲಿ ನೀರು ಮುಟ್ಟುವುದೂ ಬೇಡ.

ಟಿಡಿಎಸ್ ಇಳಿದದ್ದನ್ನು ಕಂಡು ನೀರು ಶುದ್ಧವಾಯಿತು ಅಂದುಕೊಳ್ಳುವವರೇ ಜಾಸ್ತಿ. ಇಳಿದದ್ದು ಮಳೆನೀರು ಬೆರೆತದ್ದಕ್ಕೆ. ಕೆಸರು, ಎಣ್ಣೆ ಆ ಮೀಟರಿಗೆ ಕಾಣುವುದಿಲ್ಲ. ಮಳೆ ಜೋರಾಗಿದ್ದೂ ಟಿಡಿಎಸ್ ಇಳಿಯದೆ, ಅಮೋನಿಯಾ ಒಣ ದಿನಕ್ಕಿಂತ ಏರಿದರೆ ಮೇಲ್ಗಡೆ ಮ್ಯಾನ್‌ಹೋಲ್ ಉಕ್ಕಿರಬೇಕು, ಇಲ್ಲವೇ ಮಳೆಯ ಮರೆಯಲ್ಲಿ ಯಾರೋ ಟ್ಯಾಂಕ್ ಖಾಲಿ ಮಾಡುತ್ತಿರಬೇಕು.

ಒಳಚರಂಡಿಯ ದೂರು ಜಲಮಂಡಳಿಗೆ, ಕಾರ್ಖಾನೆಯದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಎರಡೂ ಜಾಗದ ಅಂಕಿ, ಸಮಯವಿರುವ ಫೋಟೊ, ಆ ದಿನ ಬಿದ್ದ ಮಳೆ ಜೊತೆಗಿರಲಿ. 1974ರ ಜಲ ಕಾಯ್ದೆಯಡಿ ಕ್ರಮಕ್ಕೆ ಬೇಕಾದ ಮಾದರಿಯನ್ನು ಮಂಡಳಿಯವರೇ ತೆಗೆಯಬೇಕು, ನಿಮ್ಮ ಬಾಟಲಿ ನಡೆಯದು. ಆದ್ದರಿಂದ ಯಾವ ಪೈಪು, ಯಾವ ವಾರ, ಎಷ್ಟು ಗಂಟೆಗೆ ಬಂದರೆ ಹರಿಯುವುದು ಸಿಗುತ್ತದೆ ಎಂಬುದನ್ನು ದೂರಿನ ಮೊದಲ ಸಾಲಿನಲ್ಲೇ ಬರೆಯಿರಿ.