ಮೇಸ್ತ್ರಿಗೆ ದುಡ್ಡು ಹೇಗೆ ಕೊಡಬೇಕು: ಮನೆ ಕಟ್ಟಿಸುವವರಿಗೆ ಕರಾರಿನ ಲೆಕ್ಕ

ಮನೆ ಕಟ್ಟಿಸಲು ಹೊರಟವರು ಮೇಸ್ತ್ರಿಯನ್ನು ಮೊದಲು ಕೇಳುವುದು "ಚದರಕ್ಕೆ ಎಷ್ಟು?" ಎಂದೇ. ಅದಕ್ಕೂ ಮುಂಚೆ ತೀರ್ಮಾನವಾಗಬೇಕಾದದ್ದು ದುಡ್ಡನ್ನು ಯಾವ ಲೆಕ್ಕದಲ್ಲಿ, ಯಾವಾಗ ಕೊಡುವುದು ಎಂಬುದು. ಅರ್ಧಕ್ಕೆ ನಿಂತ ಮನೆಗಳ ಲೆಕ್ಕ ತೆಗೆದು ನೋಡಿದರೆ ಬಹುಪಾಲು ಕಡೆ ಆಗಿರುವ ಕೆಲಸಕ್ಕಿಂತ ಕೊಟ್ಟಿರುವ ದುಡ್ಡು ಮುಂದೆ ಹೋಗಿರುತ್ತದೆ.

ಮೈಸೂರು, ಮಂಡ್ಯದ ಕಡೆ ಮುಖ್ಯವಾಗಿ ಮೂರು ಬಗೆಯ ಕರಾರು ನಡೆಯುತ್ತವೆ. ಲೇಬರ್ ಕಾಂಟ್ರಾಕ್ಟ್‌ನಲ್ಲಿ ಸಿಮೆಂಟು, ಕಬ್ಬಿಣ, ಎಂ-ಸ್ಯಾಂಡ್, ಜಲ್ಲಿ, ಇಟ್ಟಿಗೆ ಎಲ್ಲ ನಿಮ್ಮದು. ಮೇಸ್ತ್ರಿಗೆ ಒಂದು ಚದರಕ್ಕೆ, ಅಂದರೆ 100 ಚದರಡಿಗೆ, ಇಷ್ಟೆಂದು ಕೂಲಿ. ಮೆಟೀರಿಯಲ್ ಸಮೇತ ಎಂದರೆ ಸಾಮಾನೂ ಅವರದೇ, ಚದರಡಿಗೆ ಒಂದು ದರ. ಮೂರನೆಯದು ಅಳತೆ ಲೆಕ್ಕ: ಅಗೆತ, ಕಲ್ಲುಕಟ್ಟಡ, ಕಾಂಕ್ರೀಟ್ ಘನ ಅಡಿಯಲ್ಲಿ, ಕಂಬಿ ಕಟ್ಟುವುದು ಕೆಜಿಯಲ್ಲಿ, ಪ್ಲಾಸ್ಟರ್ ಚದರಡಿಯಲ್ಲಿ, ಆದಷ್ಟಕ್ಕೆ ದುಡ್ಡು. ದಿನಗೂಲಿ ರಿಪೇರಿಗೆ ಸರಿ, ಇಡೀ ಮನೆಗೆ ಬೇಡ.

ಆಯ್ಕೆ ಮಾಡುವಾಗ ನೋಡಬೇಕಾದದ್ದು ಸೈಟಿನ ಹತ್ತಿರ ಯಾರಿರುತ್ತಾರೆ ಎಂಬುದನ್ನು. ಮನೆಯವರೊಬ್ಬರು ದಿನಕ್ಕೆರಡು ಸಲ ಹೋಗಿ, ಬಂದ ಲೋಡು ಅಳೆದು, ಮೂಟೆ ಎಣಿಸಿ ಬರೆದಿಡುವಂತಿದ್ದರೆ ಲೇಬರ್ ಕಾಂಟ್ರಾಕ್ಟ್ ಉಳಿತಾಯ ಕೊಡುತ್ತದೆ. ಅದಾಗದಿದ್ದರೆ ಉಳಿತಾಯ ಸಾಮಾನಿನಲ್ಲೇ ಸೋರಿಹೋಗುತ್ತದೆ, ಏಕೆಂದರೆ ಸಾಮಾನು ಹಾಳಾದರೆ ಮೇಸ್ತ್ರಿಗೆ ನಷ್ಟವಿಲ್ಲ. 1,000 ಚದರಡಿಯ ಮೋಲ್ಡ್ (ಕಾಂಕ್ರೀಟ್ ತಾರಸಿ) 5 ಇಂಚಿನ ಬದಲು ಐದೂವರೆ ಇಂಚು ಬಿದ್ದರೆ ಸುಮಾರು 42 ಘನ ಅಡಿ ಕಾಂಕ್ರೀಟ್ ಹೆಚ್ಚಿಗೆ ಹೋಗುತ್ತದೆ, 1:1.5:3 (ಸಿಮೆಂಟು, ಮರಳು, ಜಲ್ಲಿ) ಮಿಶ್ರಣದಲ್ಲಿ ಒಂಬತ್ತರಿಂದ ಹತ್ತು ಮೂಟೆ ಸಿಮೆಂಟು. ಕಬ್ಬಿಣವನ್ನು ವೇಬ್ರಿಡ್ಜ್ ಚೀಟಿಯ ಜೊತೆಗೆ ಎಣಿಸಿಯೂ ನೋಡಿ. 12 ಮೀಟರ್ ಉದ್ದದ ಒಂದು ಕಂಬಿ 8 ಮಿ.ಮೀ. ಆದರೆ 4.7 ಕೆಜಿ, 10 ಮಿ.ಮೀ. 7.4, 12 ಮಿ.ಮೀ. 10.7 ಕೆಜಿ ಆಸುಪಾಸು ತೂಗಬೇಕು. ವಾರಕ್ಕೊಮ್ಮೆ ಮಾತ್ರ ಬೆಂಗಳೂರಿನಿಂದ ಬಂದು ಹೋಗುವವರು ಮೆಟೀರಿಯಲ್ ಸಮೇತ ಕೊಟ್ಟು, ಕಾಂಟ್ರಾಕ್ಟರಿಗೆ ಸಂಬಂಧವಿಲ್ಲದ ಎಂಜಿನಿಯರೊಬ್ಬರಿಗೆ ಹಂತಕ್ಕಿಷ್ಟು ಎಂದು ಶುಲ್ಕ ಕೊಟ್ಟು ತಪಾಸಣೆ ಮಾಡಿಸುವುದು ಲೇಸು.

ಪಾಯದ ವಿಷಯ ಬೇರೆ. ಗದ್ದೆ ಬಯಲು ಲೇಔಟ್ ಆದ ಕಡೆ, ಕಪ್ಪು ಮಣ್ಣು ಸಿಗುವ ಕಡೆ, ನಾಲ್ಕು ಅಡಿಗೆ ಸಿಗಬೇಕಾದ ಗಟ್ಟಿ ನೆಲ ಏಳು ಅಡಿಗೆ ಸಿಗಬಹುದು. ಚದರದ ದರದಲ್ಲಿ ಪಾಯವೂ ಸೇರಿದ್ದರೆ ಒಂದೋ ಮೇಸ್ತ್ರಿ ಅಗೆತ ಕಡಿಮೆ ಮಾಡುತ್ತಾರೆ, ಇಲ್ಲವೇ ಮೊದಲ ತಿಂಗಳಲ್ಲೇ ಜಗಳ ಶುರು. ಆದ್ದರಿಂದ ಪ್ಲಿಂತ್‌ವರೆಗೆ, ಅಂದರೆ ಗೋಡೆ ಏಳುವ ಮಟ್ಟದವರೆಗೆ, ಅಳತೆ ಲೆಕ್ಕ, ಅಲ್ಲಿಂದ ಮೇಲೆ ಚದರದ ಲೆಕ್ಕ ಎಂದು ಕರಾರು ಬರೆಸಿ. ಗುಂಡಿ ಮುಚ್ಚುವ ಮೊದಲು ಉದ್ದ, ಅಗಲ, ಆಳ ಇಬ್ಬರೂ ಅಳೆದು ಪುಸ್ತಕದಲ್ಲಿ ಸಹಿ ಹಾಕಬೇಕು. ಮಣ್ಣು ತುಂಬಿದ ಮೇಲೆ ಯಾರ ಮಾತಿಗೂ ಸಾಕ್ಷಿ ಇರುವುದಿಲ್ಲ.

ಇನ್ನು ಹಂತಗಳು. ಮೇಲೆ ಕೆಳಗೆ ಸೇರಿ 15 ಚದರದ ಮನೆ, ಲೇಬರ್ ಕಾಂಟ್ರಾಕ್ಟ್, ಲೆಕ್ಕ ಸುಲಭವಾಗಲೆಂದು ಚದರಕ್ಕೆ 40,000 ರೂಪಾಯಿ ಎಂದಿಟ್ಟುಕೊಳ್ಳಿ (ನಿಮ್ಮ ದರ ಬೇರೆ ಇರಬಹುದು). ಒಟ್ಟು 6 ಲಕ್ಷ. ಪಾಯವೂ ಇದರಲ್ಲೇ ಸೇರಿದ್ದರೆ ಹೀಗೆ ಹಂಚಬಹುದು:

- ಪ್ಲಿಂತ್ ಬೀಮ್ ಮುಗಿದು ಮಣ್ಣು ತುಂಬಿದಾಗ ಶೇ. 15
- ಕೆಳಗಿನ ಗೋಡೆ, ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ಕಾಂಕ್ರೀಟ್ ತೊಲೆ), ಸಜ್ಜ ಶೇ. 10
- ಮೊದಲ ಮೋಲ್ಡ್ ಶೇ. 20
- ಮೇಲಿನ ಗೋಡೆ, ಲಿಂಟಲ್ ಶೇ. 10
- ಎರಡನೇ ಮೋಲ್ಡ್ ಶೇ. 15
- ಒಳಗಿನ ಪ್ಲಾಸ್ಟರ್ ಶೇ. 10, ಹೊರಗಿನದು ಶೇ. 8
- ಪ್ಯಾರಾಪೆಟ್, ಹೆಡ್‌ರೂಮ್ (ತಾರಸಿಯಲ್ಲಿ ಮೆಟ್ಟಿಲ ಮೇಲಿನ ಕೋಣೆ), ಮೆಟ್ಟಿಲು, ಅಡುಗೆಮನೆ ಕಟ್ಟೆಯಂಥ ಚಿಲ್ಲರೆ ಕೆಲಸ ಶೇ. 7
- ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವುದು ಶೇ. 5

ಎರಡನೇ ಮೋಲ್ಡ್ ಆದಮೇಲೂ ಶೇ. 30 ನಿಮ್ಮ ಕೈಯಲ್ಲಿ ಉಳಿದಿರುವುದನ್ನು ಗಮನಿಸಿ. ಮೋಲ್ಡ್‌ಗೇ ಶೇ. 85 ತಲುಪಿಬಿಟ್ಟರೆ ಉಳಿದ ದುಡ್ಡಿನಲ್ಲಿ ಪ್ಲಾಸ್ಟರಿನ ಆಳುಗಳ ಕೂಲಿಯೂ ಹುಟ್ಟುವುದಿಲ್ಲ, ಮೇಸ್ತ್ರಿ ಬೇರೆ ಸೈಟಿಗೆ ಹೊರಟುಬಿಡುತ್ತಾರೆ. ಮುಂಗಡ ಶೇ. 5ಕ್ಕಿಂತ ಹೆಚ್ಚು ಬೇಡ. ಅದನ್ನೂ ಮೊದಲ ಹಂತದಲ್ಲೇ ವಜಾ ಮಾಡಿಕೊಳ್ಳಿ.

ಆದರೆ ಕಾಗದದಲ್ಲಿ ಹಂತವಿದ್ದರೂ ಶನಿವಾರ ಬಂದರೆ ಬಟವಾಡೆ ಆಗಲೇಬೇಕು. ಗಾರೆಯವರು, ಹೆಣ್ಣಾಳುಗಳು ಹಂತ ಮುಗಿಯುವವರೆಗೆ ಕಾಯಲಾರರು, ಅವರನ್ನು ಕಾಯಿಸುವುದು ನ್ಯಾಯವೂ ಅಲ್ಲ. ಎರಡನ್ನೂ ಹೊಂದಿಸುವ ದಾರಿ ಇದು: ವಾರವಾರ ಕೊಡಿ, ಆದರೆ ಹಂತ ಮುಗಿಯುವವರೆಗೆ ಆ ಹಂತದ ಮುಕ್ಕಾಲು ಪಾಲು ಮೀರಬೇಡಿ. ಮೊದಲ ಮೋಲ್ಡ್‌ನ ಹಂತ 1,20,000 ರೂಪಾಯಿ. ಅದರಲ್ಲಿ 90,000ದವರೆಗೆ ಬಟವಾಡೆಗೆ ಹೋಗಲಿ. ಉಳಿದ 30,000 ಸೆಂಟ್ರಿಂಗ್ (ಕಾಂಕ್ರೀಟ್ ಹೊರುವ ಹಲಗೆ, ಆಸರೆ) ಬಿಚ್ಚಿ ಮೋಲ್ಡ್‌ನ ಕೆಳಮೈ ನೋಡಿದ ಮೇಲೆ. ಟಾರ್ಚ್ ಹಿಡಿದು ನೋಡಿ: ಬೀಮೂ ಮೋಲ್ಡೂ ಸೇರುವ ಮೂಲೆಯಲ್ಲಿ ಜಲ್ಲಿ ಬಿಡಿಬಿಡಿಯಾಗಿ ಕಾಣುತ್ತಿದ್ದರೆ ವೈಬ್ರೇಟರ್ ಸರಿಯಾಗಿ ಬಿಟ್ಟಿಲ್ಲ, ಕಂಬಿಯ ಗೆರೆ ಕಾಣುತ್ತಿದ್ದರೆ ಕಂಬಿಯ ಕೆಳಗೆ 20 ಮಿ.ಮೀ. ಕವರ್ ಬ್ಲಾಕ್ (ಕಂಬಿಯನ್ನು ಎತ್ತಿ ಹಿಡಿಯುವ ಬಿಲ್ಲೆ) ಇಟ್ಟಿಲ್ಲ. ಎಂಜಿನಿಯರ್ ಹೇಳಿದಂತೆ ಸರಿಪಡಿಸದೆ ಆ ದುಡ್ಡು ಬಿಡಬೇಡಿ. ದುಡ್ಡಿನ ಅವಸರಕ್ಕೆ ಸೆಂಟ್ರಿಂಗ್ ಬೇಗ ಬಿಚ್ಚಿಸುವುದೂ ತಪ್ಪು. ಬೀಮಿನ ಕೆಳಗಿನ ಆಸರೆಗೆ ಕನಿಷ್ಠ 14 ದಿನ ಬೇಕು. ಪಿಪಿಸಿ (ಹಾರುಬೂದಿಯಂಥದ್ದು ಬೆರೆತ) ಸಿಮೆಂಟಾದರೆ ನೀರು ಕಟ್ಟುವುದು 10 ದಿನಕ್ಕೆ ಕಡಿಮೆಯಾಗಬಾರದು. ಯಾರು ಕಟ್ಟಬೇಕು ಎಂಬುದನ್ನೂ ಕರಾರಿನಲ್ಲಿ ಬರೆಯಿರಿ.

ಸೆಂಟ್ರಿಂಗ್‌ನವರಿಗೆ, ಕಂಬಿ ಕಟ್ಟುವವರಿಗೆ ಮೇಸ್ತ್ರಿ ದುಡ್ಡು ಮುಟ್ಟಿಸಿದ್ದಾರೆಯೇ ಎಂದು ವಿಚಾರಿಸುತ್ತಿರಿ. ಅವರಿಗೆ ಬಾಕಿ ಉಳಿದರೆ ಕೆಲಸ ನಿಲ್ಲುವುದು ನಿಮ್ಮ ಸೈಟಿನಲ್ಲೇ.

ಮೆಟೀರಿಯಲ್ ಸಮೇತದ ಕರಾರಿನಲ್ಲಿ ದರಕ್ಕಿಂತ ಪಟ್ಟಿ ಮುಖ್ಯ. ಸಿಮೆಂಟಿನ ಕಂಪನಿ, ಕಬ್ಬಿಣದ ಗ್ರೇಡ್, ಇಟ್ಟಿಗೆಯೋ ಸಾಲಿಡ್ ಬ್ಲಾಕೋ, ಬ್ಲಾಕಾದರೆ ಎಷ್ಟು ಇಂಚಿನದು, ಬಾಗಿಲಿನ ಮರ ಯಾವುದು, ವೈರು, ನಲ್ಲಿ, ಎಷ್ಟು ಕೋಟ್ ಪೇಂಟು ಎಲ್ಲವೂ ಇರಲಿ. ಟೈಲ್ಸ್‌ಗೆ "ಒಳ್ಳೆ ಗುಣಮಟ್ಟ" ಎಂದು ಬರೆದರೆ ಪ್ರಯೋಜನವಿಲ್ಲ. ಚದರಡಿಗೆ ಇಷ್ಟು ರೂಪಾಯಿ ಬೆಲೆಯದು ಎಂದಿರಬೇಕು. ಕಬ್ಬಿಣದ ಬೆಲೆ ಏರಿದರೆ ಯಾರ ಹೊರೆ, ಸೆಸ್ಕ್‌ನ (ಈ ಕಡೆಯ ವಿದ್ಯುತ್ ಕಂಪನಿ) ತಾತ್ಕಾಲಿಕ ಕರೆಂಟಿನ ಬಿಲ್ಲು, ಟ್ಯಾಂಕರ್ ನೀರಿನ ದುಡ್ಡು ಯಾರದು ಎಂಬುದೂ ಸೇರಲಿ.

ಯಾವ ಕರಾರಾದರೂ ಚದರ ಎಣಿಸುವ ಬಗೆ ಮೊದಲೇ ಇತ್ಯರ್ಥವಾಗಬೇಕು. ಬಾಲ್ಕನಿ, ಪೋರ್ಟಿಕೊ, ಹೆಡ್‌ರೂಮ್ ಪೂರ್ತಿಯೋ ಅರ್ಧವೋ, ಸಜ್ಜ ಸೇರುತ್ತದೋ ಇಲ್ಲವೋ? ಸಂಪ್‌ಗೆ ಲೀಟರ್ ಲೆಕ್ಕ, ಕಾಂಪೌಂಡಿಗೆ ರನ್ನಿಂಗ್ ಅಡಿ ಲೆಕ್ಕ ಬೇರೆಯಾಗಿಯೇ ಇರಲಿ. ನಕ್ಷೆಯ ಮೇಲೆ ಬಣ್ಣದ ಪೆನ್ನಿನಲ್ಲಿ ಗುರುತು ಮಾಡಿ ಇಬ್ಬರೂ ಸಹಿ ಹಾಕಿದರೆ ಕೊನೆಯ ಬಿಲ್ಲಿನ ವಾದ ಅರ್ಧ ಕಡಿಮೆಯಾಗುತ್ತದೆ.

ಬ್ಯಾಂಕ್ ಸಾಲವಿದ್ದರೆ ಬ್ಯಾಂಕಿನ ಹಂತಗಳನ್ನೇ ಕರಾರಿಗೂ ಹೊಂದಿಸಿಕೊಳ್ಳಿ. ಹಂತ ಮುಗಿದು, ಅವರು ಬಂದು ನೋಡಿ, ಆಮೇಲೆ ದುಡ್ಡು ಬರುವುದರಿಂದ ಒಂದು ಹಂತಕ್ಕಾಗುವಷ್ಟು ಹಣ ಕೈಯಲ್ಲಿರಬೇಕು. ಒಂಟಿ ಮನೆಯ ಬರೀ ಕೂಲಿ ಕರಾರಿಗೆ ಜಿಎಸ್‌ಟಿ ಇಲ್ಲ; ಮೆಟೀರಿಯಲ್ ಸಮೇತ ಕೊಟ್ಟರೆ ಶೇ. 18 ಇದೆ, ಹೇಳಿದ ದರದಲ್ಲಿ ಅದು ಸೇರಿದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಿರಿ. ಒಬ್ಬರೇ ಕಾಂಟ್ರಾಕ್ಟರಿಗೆ ಒಂದು ಹಣಕಾಸು ವರ್ಷದಲ್ಲಿ 50 ಲಕ್ಷ ಮೀರಿ ಕೊಟ್ಟರೆ ಶೇ. 2 ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ನಿಮ್ಮದು. ದೊಡ್ಡ ಮೊತ್ತವೆಲ್ಲ ಬ್ಯಾಂಕಿನ ಮೂಲಕವೇ ಹೋಗಲಿ. ಬಟವಾಡೆಗೆ ನಗದು ಕೊಟ್ಟರೆ ತಾರೀಖು, ಮೊತ್ತ, ಯಾವ ಹಂತದ ಬಾಬ್ತು ಎಂದು ಬರೆದು ಆಗಲೇ ಸಹಿ ಹಾಕಿಸಿ.

ಕೊನೆಯದಾಗಿ, ಬೇರ್ಪಡುವ ಷರತ್ತು. 15 ದಿನ ಕೆಲಸ ನಿಂತರೆ ನೋಟಿಸು, ಆಮೇಲೂ ಬಾರದಿದ್ದರೆ ಇಬ್ಬರೂ ಒಪ್ಪಿ ಮೊದಲೇ ಹೆಸರಿಸಿದ ಎಂಜಿನಿಯರ್ ಅಳತೆ ತೆಗೆದು ಆದ ಕೆಲಸದ ಬೆಲೆ ಕಟ್ಟುವುದು, ಬೇರೆಯವರಿಂದ ಮುಂದುವರಿಸುವ ಹಕ್ಕು ಮಾಲೀಕರಿಗೆ. ಅದೇ ಕಾಗದದಲ್ಲಿ ಮೇಸ್ತ್ರಿಯ ರಕ್ಷಣೆಯೂ ಇರಲಿ: ಹಂತ ಮುಗಿದ 10 ದಿನದೊಳಗೆ ನೀವು ದುಡ್ಡು ಕೊಡದಿದ್ದರೆ, ಅಥವಾ ಲೇಬರ್ ಕಾಂಟ್ರಾಕ್ಟ್‌ನಲ್ಲಿ ಸಾಮಾನು ತಡವಾಗಿ ಆಳುಗಳು ಖಾಲಿ ಕೂತರೆ, ಆ ದಿನಗಳ ಕೂಲಿ ನಿಮ್ಮ ತಲೆಗೆ.